ಹಿಂದಿ ಬೇಡ, ಆರಾಧನಾ ಬೇಕು

ಊರಿಗೆ ಹೋದಾಗಲೆಲ್ಲ ನನಗೆ ಎದುರಾಗುವ ಪ್ರಶ್ನೆ ಒಂದಿದೆ. ಮದುವೆಮನೆಯ ಪಂಕ್ತಿಯಲ್ಲಿ ಪಕ್ಕದ ಎಲೆಯವರು ಸಾರಿಗೆ ಕಾಯುತ್ತಾ ಕೇಳಿಯೇ ಕೇಳುತ್ತಾರೆ: "ಮದ್ರಾಸಲ್ಲಿ ಹಿಂದಿ ಮಾತಾಡಿದ್ರೆ ಮುಖ ತಿರುಗಿಸ್ತಾರಂತೆ, ಹೌದೇನ್ರೀ?" ಹೌದು ಎಂದರೆ ಅರ್ಧ ಸುಳ್ಳು, ಇಲ್ಲ ಎಂದರೆ ಇನ್ನರ್ಧ ಸುಳ್ಳು. ಈ ಊರಿನಲ್ಲಿ ಸಂಸಾರ ಹೂಡಿ ಎರಡು ದಶಕಗಳ ಮೇಲಾದ ನಾನು ಈಗೀಗ ಆ ಪ್ರಶ್ನೆಗೆ ನೇರವಾಗಿ ಉತ್ತರಿಸುವುದನ್ನು ಬಿಟ್ಟು, ಎರಡು ಸಿನಿಮಾಗಳ ಕಥೆ ಹೇಳುತ್ತೇನೆ. ಪಾಯಸ ಬರುವಷ್ಟರಲ್ಲಿ ಮುಗಿಯುವ ಕಥೆಯಲ್ಲ. ಹಾಗಾಗಿ ಇಲ್ಲಿ ಸಾವಕಾಶವಾಗಿ ಬರೆಯುತ್ತಿದ್ದೇನೆ.

ಮೊದಲನೆಯದು 1969ರ ಹಿಂದಿ ಚಿತ್ರ 'ಆರಾಧನಾ'. ನಿರ್ದೇಶನ ಶಕ್ತಿ ಸಾಮಂತ, ಸಂಗೀತ ಎಸ್.ಡಿ. ಬರ್ಮನ್, ತಾರಾಗಣದಲ್ಲಿ ಶರ್ಮಿಳಾ ಟಾಗೋರ್ ಮತ್ತು ರಾಜೇಶ್ ಖನ್ನಾ. ಎರಡನೆಯದು ಅದನ್ನೇ ತಮಿಳಿಗೆ ತಂದು 1974ರ ಜನವರಿಯಲ್ಲಿ ತೆರೆಗೆ ಬಿಟ್ಟ 'ಶಿವಕಾಮಿಯಿನ್ ಸೆಲ್ವನ್'. ನಿರ್ದೇಶನ ಸಿ.ವಿ. ರಾಜೇಂದ್ರನ್, ಸಂಗೀತ ಎಂ.ಎಸ್. ವಿಶ್ವನಾಥನ್, ನಾಯಕ ಶಿವಾಜಿ ಗಣೇಶನ್, ನಾಯಕಿ ವಾಣಿಶ್ರೀ. ಒಂದೇ ಕಥೆ, ಎರಡು ಭಾಷೆ. ಸಾಮಾನ್ಯ ಲೆಕ್ಕದಲ್ಲಿ ತಮಿಳರಿಗೆ ಯಾವುದು ಹತ್ತಿರವಾಗಬೇಕಿತ್ತು? ಅವರದೇ ಭಾಷೆಯ, ಅವರದೇ 'ನಡಿಗರ್ ತಿಲಗಂ' ಅಭಿನಯಿಸಿದ ಚಿತ್ರ ತಾನೇ? ಆದರೆ ಮದ್ರಾಸಿನ ಒಂದು ಇಡೀ ತಲೆಮಾರಿನ ಮನಸ್ಸಿನಲ್ಲಿ ಇಂದಿಗೂ ಕೂತಿರುವುದು ಹಿಂದಿಯ ಆರಾಧನಾ. ತಮಿಳಿನದು ಶಿವಾಜಿ ಅಭಿಮಾನಿಗಳ ಪಟ್ಟಿಯಲ್ಲಿ ಒಂದು ಸಾಲಾಗಿ ಉಳಿದಿದೆ.

ಇದು ಯಾಕೆ ವಿಚಿತ್ರ ಎಂದು ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಹಿಂದಿಯ ವಿಷಯದಲ್ಲಿ ತಮಿಳುನಾಡಿನ ಸಿಟ್ಟು ನಿನ್ನೆ ಮೊನ್ನೆಯದಲ್ಲ. 1937ರಲ್ಲಿ ಮದ್ರಾಸ್ ಪ್ರಾಂತ್ಯದ ಮುಖ್ಯಸ್ಥರಾದ ರಾಜಾಜಿ ಮರುವರ್ಷ ಶಾಲೆಗಳಲ್ಲಿ ಹಿಂದಿಯನ್ನು ಕಡ್ಡಾಯ ಮಾಡಹೊರಟಾಗಲೇ ಚಳವಳಿ ಎದ್ದಿತ್ತು. ನಟರಾಜನ್ ಮತ್ತು ತಾಳಮುತ್ತು ಎಂಬ ಇಬ್ಬರು 1939ರಲ್ಲಿ ಸೆರೆಮನೆವಾಸದಲ್ಲೇ ತೀರಿಕೊಂಡರು. ಚೆನ್ನೈಯ ಎಗ್ಮೋರಿನಲ್ಲಿ ಒಂದು ಸರ್ಕಾರಿ ಕಟ್ಟಡಕ್ಕೆ 'ತಾಳಮುತ್ತು ನಟರಾಜನ್ ಮಾಳಿಗೈ' ಎಂದು ಹೆಸರಿರುವುದು ಇದೇ ಕಾರಣಕ್ಕೆ. ದಿನಾ ಆ ರಸ್ತೆಯಲ್ಲಿ ಓಡಾಡುವ ಎಷ್ಟೋ ಜನಕ್ಕೆ ಅದು ಒಬ್ಬರ ಹೆಸರಲ್ಲ, ಇಬ್ಬರದ್ದು ಎಂಬುದು ಗೊತ್ತಿರುವುದಿಲ್ಲ. 1940ರಲ್ಲಿ ಆ ಕಡ್ಡಾಯದ ಆದೇಶವನ್ನು ಹಿಂತೆಗೆದುಕೊಳ್ಳಲಾಯಿತು.

ಆಮೇಲೆ ಬಂದದ್ದು 1965. ಸಂವಿಧಾನ ಜಾರಿಯಾಗಿ ಹದಿನೈದು ವರ್ಷ ತುಂಬಿ, ಆ ವರ್ಷದ ಜನವರಿ 26ರಿಂದ ಹಿಂದಿ ಕೇಂದ್ರದ ಮುಖ್ಯ ಆಡಳಿತ ಭಾಷೆಯಾಗಬೇಕಿತ್ತು. ಇಂಗ್ಲಿಷ್ ಮುಂದುವರಿಯಬಹುದು ಎಂದು 1963ರ ಕಾನೂನು ಹೇಳಿದ್ದರೂ ಆ 'ಬಹುದು' ಎಂಬ ಪದದ ಮೇಲೆ ಇಲ್ಲಿನವರಿಗೆ ನಂಬಿಕೆ ಇರಲಿಲ್ಲ. ಬ್ಯಾಂಕಿನವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಸಾಲಪತ್ರದಲ್ಲಿ 'ಬಹುದು' ಎಂದಿದ್ದರೆ ಒಂದು ಲೆಕ್ಕ, 'ತಕ್ಕದ್ದು' ಎಂದಿದ್ದರೆ ಇನ್ನೊಂದು ಲೆಕ್ಕ! ವಿದ್ಯಾರ್ಥಿಗಳು ಬೀದಿಗಿಳಿದರು. ರೈಲ್ವೆ ನಿಲ್ದಾಣಗಳ ಫಲಕದಲ್ಲಿದ್ದ ಹಿಂದಿ ಅಕ್ಷರಕ್ಕೆ ಟಾರು ಬಳಿದರು. ಕೆಲವರು ಮೈಗೆ ಬೆಂಕಿ ಹಚ್ಚಿಕೊಂಡು ಸತ್ತರು. ಗೋಲಿಬಾರು ನಡೆಯಿತು. ಅಧಿಕೃತ ಲೆಕ್ಕದಲ್ಲೇ ಎಪ್ಪತ್ತರಷ್ಟು ಜನ ಪ್ರಾಣ ಕಳೆದುಕೊಂಡರು. ಕೇಂದ್ರ ಸಚಿವರಾಗಿದ್ದ ಸಿ. ಸುಬ್ರಮಣ್ಯಂ ಮತ್ತು ಓ.ವಿ. ಅಳಗೇಶನ್ ರಾಜೀನಾಮೆಗೆ ಮುಂದಾದರು. ಕೊನೆಗೆ ಪ್ರಧಾನಿ ಲಾಲ್ ಬಹಾದುರ್ ಶಾಸ್ತ್ರಿ ಫೆಬ್ರವರಿಯಲ್ಲಿ ಆಕಾಶವಾಣಿಯ ಮೂಲಕ ಭರವಸೆ ಕೊಟ್ಟ ಮೇಲೆ ಬೆಂಕಿ ತಣ್ಣಗಾಯಿತು.

ಅದರ ಫಲ 1967ರ ಚುನಾವಣೆಯಲ್ಲಿ ಕಂಡಿತು. ಕಾಂಗ್ರೆಸ್ ಸೋತು ದ್ರಾವಿಡ ಮುನ್ನೇತ್ರ ಕಳಗಂ ಅಧಿಕಾರಕ್ಕೆ ಬಂತು. ಅಣ್ಣಾದೊರೈ ಮುಖ್ಯಮಂತ್ರಿಯಾದರು. ಒಂಬತ್ತು ವರ್ಷ ರಾಜ್ಯವಾಳಿದ್ದ, ದೇಶಕ್ಕೇ ಪ್ರಧಾನಿಗಳನ್ನು ಆರಿಸಿಕೊಟ್ಟಿದ್ದ ಕಾಮರಾಜರು ತಮ್ಮ ಸ್ವಂತ ಊರು ವಿರುದುನಗರದಲ್ಲೇ ಸೋತರು. ಸೋಲಿಸಿದ್ದು ಪಿ. ಶ್ರೀನಿವಾಸನ್ ಎಂಬ ತರುಣ, ಹಿಂದಿ ವಿರೋಧಿ ಚಳವಳಿಯಿಂದ ಮೇಲೆ ಬಂದ ವಿದ್ಯಾರ್ಥಿ ನಾಯಕ. ಈ ಸಂಗತಿಯನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ. 1968ರ ಜನವರಿಯಲ್ಲಿ ವಿಧಾನಸಭೆ ತ್ರಿಭಾಷಾ ಸೂತ್ರವನ್ನೇ ಕೈಬಿಟ್ಟು, ಶಾಲೆಗಳಲ್ಲಿ ತಮಿಳು ಮತ್ತು ಇಂಗ್ಲಿಷ್ ಎರಡೇ ಸಾಕೆಂದು ನಿರ್ಣಯ ಮಾಡಿತು.

ಇಂಥ ಊರಿಗೆ, ಇಂಥ ಹೊತ್ತಿನಲ್ಲಿ ಬಂದದ್ದು ಆರಾಧನಾ. ಡಬ್ ಆಗಿ ಅಲ್ಲ, ಅಪ್ಪಟ ಹಿಂದಿಯಲ್ಲೇ. ಅದನ್ನು ಮದ್ರಾಸು ತಿಂಗಳುಗಟ್ಟಲೆ ನೋಡಿತು, ಮತ್ತೆ ಮತ್ತೆ ನೋಡಿತು!

ಕಥೆ ನಿಮಗೆ ಗೊತ್ತಿದ್ದೀತು. ಆದರೂ ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ವಾಯುಸೇನೆಯ ಅಧಿಕಾರಿ ಅರುಣ್ ಮತ್ತು ಡಾಕ್ಟರ ಮಗಳು ವಂದನಾ ಗುಡಿಯಲ್ಲಿ ದೇವರೆದುರು ಮಾಲೆ ಹಾಕಿಕೊಳ್ಳುತ್ತಾರೆ. ನಾಲ್ಕು ಜನರ ಮುಂದೆ ಮದುವೆಯಾಗುವ ಮೊದಲೇ ವಿಮಾನಾಪಘಾತದಲ್ಲಿ ಅರುಣ್ ಸಾಯುತ್ತಾನೆ. ಬಸುರಿ ವಂದನಾಳನ್ನು ಗಂಡನ ಮನೆಯವರು ಒಪ್ಪುವುದಿಲ್ಲ. ಹುಟ್ಟಿದ ಮಗುವನ್ನು ಅನಾಥಾಲಯದ ಬಾಗಿಲಲ್ಲಿ ಬಿಟ್ಟು ಮರುದಿನ ತಾನೇ ದತ್ತು ತೆಗೆದುಕೊಳ್ಳಬೇಕೆಂದು ಹೋದರೆ, ಅಷ್ಟರಲ್ಲಿ ಅದು ಬೇರೊಂದು ದಂಪತಿಯ ಪಾಲಾಗಿರುತ್ತದೆ. ಅವರ ಮನೆಯಲ್ಲೇ ಆಯಾ ಆಗಿ ಸೇರಿ ತನ್ನ ಮಗನನ್ನು ತಾನೇ ಸಾಕುತ್ತಾಳೆ. ಆಕೆಯ ಮಾನಕ್ಕೆ ಕೈಹಾಕಲು ಬಂದವನನ್ನು ಎಳೆಯ ಮಗ ಇರಿಯುತ್ತಾನೆ. ಆ ಕೊಲೆಯನ್ನು ತಾಯಿ ತನ್ನ ಮೇಲೆ ಎಳೆದುಕೊಂಡು ಜೈಲಿಗೆ ಹೋಗುತ್ತಾಳೆ. ಹೊರಬಂದಾಗ ಆ ಮಗ ಅಪ್ಪನಂತೆಯೇ ಪೈಲಟ್ ಆಗಿರುತ್ತಾನೆ, ಅಪ್ಪನದೇ ಮುಖ ಹೊತ್ತಿರುತ್ತಾನೆ. ಕೊನೆಗೆ ಪದಕ ಪಡೆಯುವ ಸಮಾರಂಭದಲ್ಲಿ ಎಲ್ಲರೆದುರು ಆಕೆಯನ್ನು ತಾಯಿ ಎಂದು ಕರೆಯುತ್ತಾನೆ. ಕರವಸ್ತ್ರ ಇಲ್ಲದೆ ಹೋದವರು ಸೆರಗನ್ನೋ ಶರ್ಟಿನ ತೋಳನ್ನೋ ಹುಡುಕಬೇಕು.

ಈ ಕಥೆ ಬೊಂಬಾಯಿಯ ಸ್ವಂತದ್ದೇನೂ ಅಲ್ಲ. 1946ರಲ್ಲಿ ಹಾಲಿವುಡ್ಡಿನಲ್ಲಿ 'ಟು ಈಚ್ ಹಿಸ್ ಓನ್' ಎಂಬ ಚಿತ್ರ ಬಂದಿತ್ತು. ಅದರಲ್ಲೂ ಯುದ್ಧವಿಮಾನದ ಪೈಲಟ್, ಮದುವೆಯಾಗದ ತಾಯಿ, ಪರರ ಮನೆಯಲ್ಲಿ ಬೆಳೆಯುವ ಮಗ. ತಾಯಿಯ ಪಾತ್ರಕ್ಕೆ ಒಲಿವಿಯಾ ಡಿ ಹ್ಯಾವಿಲೆಂಡ್ ಆಸ್ಕರ್ ಪಡೆದರು. ಅಪ್ಪ ಮತ್ತು ಮಗ ಎರಡೂ ಪಾತ್ರಗಳನ್ನು ಜಾನ್ ಲಂಡ್ ಎಂಬ ಒಬ್ಬನೇ ನಟ ಮಾಡಿದ್ದ. ಹಾಗಾಗಿ ರಾಜೇಶ್ ಖನ್ನಾನ ದ್ವಿಪಾತ್ರದ ಬೇರೂ ಅಲ್ಲೇ ಇದೆ. ಬರಹಗಾರ ಸಚಿನ್ ಭೌಮಿಕ್ ಅದಕ್ಕೆ ಗುಡಿ, ಮಾಲೆ, ಜೈಲು, ಆಯಾ ಎಲ್ಲವನ್ನೂ ಸೇರಿಸಿ ಭಾರತೀಯ ಮಾಡಿದರು.

ಇನ್ನೂ ಒಂದು ತಮಾಷೆ ಇದೆ. ಗುಟ್ಟಿನ ಮದುವೆ, ಬಸುರಿಯಾದ ಹೆಣ್ಣು, ಅನಾಥಾಲಯದ ಮಗು, ಇವೆಲ್ಲ ಮದ್ರಾಸಿನವರಿಗೆ ಹೊಸದೇನಲ್ಲ. ಎವಿಎಂನವರ 'ಕಳತ್ತೂರ್ ಕಣ್ಣಮ್ಮ' 1960ರಲ್ಲೇ ಬಂದಿತ್ತು. ಪುಟ್ಟ ಕಮಲಹಾಸನ್ ಅನಾಥಾಲಯದ ಹುಡುಗನಾಗಿ ಮೊದಲ ಬಾರಿ ತೆರೆಗೆ ಬಂದ ಚಿತ್ರ ಅದು. ಅದನ್ನು ಎವಿಎಂನವರೇ ಹಿಂದಿಯಲ್ಲಿ 'ಮೈ ಚುಪ್ ರಹೂಂಗಿ' ಎಂದು ಮೀನಾಕುಮಾರಿಯನ್ನು ಹಾಕಿ 1962ರಲ್ಲಿ ತೆಗೆದರು. ಅಂದರೆ ಈ ಬಗೆಯ ಕಣ್ಣೀರನ್ನು ಹಿಂದಿಯವರಿಗೆ ಸಗಟಾಗಿ ರಫ್ತು ಮಾಡಿದ ಊರೇ ಮದ್ರಾಸು!

ರಫ್ತು ಎಂದು ಸುಮ್ಮನೆ ಹೇಳಿದ್ದಲ್ಲ. ಐವತ್ತು ಅರವತ್ತರ ದಶಕಗಳಲ್ಲಿ ಕಥೆಗಳು ಹರಿಯುತ್ತಿದ್ದುದು ಹೆಚ್ಚಾಗಿ ತೆಂಕಣದಿಂದ ಬಡಗಣಕ್ಕೆ. ಎಸ್.ಎಸ್. ವಾಸನ್ ಅವರ ಜೆಮಿನಿ ಸ್ಟುಡಿಯೋ 1948ರಲ್ಲಿ 'ಚಂದ್ರಲೇಖಾ'ವನ್ನು ಹಿಂದಿಗೆ ಒಯ್ದು ದಾರಿ ತೆರೆಯಿತು. ಎವಿಎಂನ 'ವಾಳ್ಕೈ' ಹಿಂದಿಯಲ್ಲಿ 'ಬಹಾರ್' ಆಯಿತು. ಶ್ರೀಧರ್ ಅವರ 'ನೆಂಜಿಲ್ ಓರ್ ಆಲಯಂ' 1963ರಲ್ಲಿ 'ದಿಲ್ ಏಕ್ ಮಂದಿರ್' ಆಯಿತು. ಶಿವಾಜಿಯವರ 'ಪಾಸಮಲರ್' ಹಿಂದಿಯಲ್ಲಿ 'ರಾಖಿ'. ಅವರದೇ 'ಭಾಗ ಪಿರಿವಿನೈ' ನಮ್ಮ ರಾಜಕುಮಾರ್ ಅವರಿಗೆ 1964ರಲ್ಲಿ 'ಮುರಿಯದ ಮನೆ'ಯಾಗಿ, ಹಿಂದಿಯಲ್ಲಿ ಸುನಿಲ್ ದತ್ ಅವರಿಗೆ 1965ರಲ್ಲಿ 'ಖಾನ್‌ದಾನ್' ಆಗಿ ಒದಗಿತು. ವರ್ಷ ಗಮನಿಸಿ, 1965! ನಿಲ್ದಾಣದ ಹಿಂದಿ ಫಲಕಕ್ಕೆ ಟಾರು ಬೀಳುತ್ತಿದ್ದ ಕಾಲದಲ್ಲೇ ಮದ್ರಾಸಿನ ಕಥೆಗಳು, ಮದ್ರಾಸಿನ ನಿರ್ದೇಶಕರು ಹಿಂದಿ ಚಿತ್ರಗಳಲ್ಲಿ ದುಡಿಯುತ್ತಿದ್ದರು. ಕೋಡಂಬಾಕ್ಕಂ ಆಗ ತಮಿಳಿನದ್ದು ಮಾತ್ರ ಆಗಿರಲಿಲ್ಲ. ತೆಲುಗು, ಮಲಯಾಳಂ ಚಿತ್ರಗಳೂ ನಮ್ಮ ಕನ್ನಡದ ಎಷ್ಟೋ ಚಿತ್ರಗಳೂ ತಯಾರಾಗುತ್ತಿದ್ದುದು ಅಲ್ಲಿಯ ಫ್ಲೋರುಗಳಲ್ಲೇ.

ಆರಾಧನಾ ಬಂದ ಆಸುಪಾಸಿನಲ್ಲಿ ನೀರು ತಿರುಗಿ ಹರಿಯತೊಡಗಿತು. ಶಿವಾಜಿ 1970ರಲ್ಲಿ 'ಬ್ರಹ್ಮಚಾರಿ'ಯನ್ನು 'ಎಂಗ ಮಾಮಾ' ಮಾಡಿದರು. 1972ರಲ್ಲಿ 'ಜಾನಿ ಮೇರಾ ನಾಮ್' 'ರಾಜಾ' ಆಯಿತು, 'ದುಷ್ಮನ್' 'ನೀದಿ' ಆಯಿತು. 1974ರಲ್ಲಿ 'ಬೇಇಮಾನ್' 'ಎನ್ ಮಗನ್' ಆಯಿತು. ಇವುಗಳಲ್ಲಿ ಕೊನೆಯ ಮೂರೂ ಸಿ.ವಿ. ರಾಜೇಂದ್ರನ್ ನಿರ್ದೇಶನದವೇ. ಎಂ.ಜಿ.ಆರ್. ಕೂಡ ಹಿಂದೆ ಬೀಳಲಿಲ್ಲ. ರಾಜೇಶ್ ಖನ್ನಾನ 'ಸಚ್ಚಾ ಝೂಟಾ' ಅವರಿಗೆ 1975ರಲ್ಲಿ 'ನಿನೈತ್ತದೈ ಮುಡಿಪ್ಪವನ್' ಆಯಿತು, 'ಯಾದೋಂ ಕಿ ಬಾರಾತ್' ಅದೇ ವರ್ಷ 'ನಾಳೈ ನಮದೇ' ಆಯಿತು. ಎಲ್ಲಕ್ಕಿಂತ ಮಜಾ 'ಹಾಥಿ ಮೇರೆ ಸಾಥಿ'ಯದು. ಚಿನ್ನಪ್ಪ ದೇವರ್ 1967ರಲ್ಲಿ ತಮಿಳಿನಲ್ಲಿ ತೆಗೆದ 'ದೈವ ಚೆಯಲ್' ಎಂಬ ಆನೆ ಕಥೆಯನ್ನು 1971ರಲ್ಲಿ ರಾಜೇಶ್ ಖನ್ನಾನನ್ನು ಹಾಕಿ ಹಿಂದಿಯಲ್ಲಿ ತೆಗೆದು ಗೆದ್ದರು. ಅದು ಗೆದ್ದ ಮೇಲೆ 1972ರಲ್ಲಿ ಎಂ.ಜಿ.ಆರ್. ಅವರನ್ನು ಹಾಕಿ 'ನಲ್ಲ ನೇರಂ' ಎಂದು ಮತ್ತೆ ತಮಿಳಿಗೇ ತಂದರು. ನಮ್ಮಲ್ಲಿ ಒಂದು ಡಿಮ್ಯಾಂಡ್ ಡ್ರಾಫ್ಟು ಊರೆಲ್ಲ ಸುತ್ತಿ ಹೊರಟ ಶಾಖೆಗೇ ವಾಪಸು ಬಂದಂತೆ.

ನಿರ್ಮಾಪಕರ ಕಡೆಯಿಂದ ನೋಡಿದರೆ ಇದರಲ್ಲಿ ತಪ್ಪೇನಿಲ್ಲ. ದೊಡ್ಡ ನಟರ ಸಂಭಾವನೆ ಏರುತ್ತಿತ್ತು, ಕಪ್ಪು ಬಿಳುಪು ಹೋಗಿ ಬಣ್ಣ ಬರುತ್ತಿತ್ತು, ಬಣ್ಣದ ಫಿಲ್ಮಿಗೆ ಖರ್ಚು ಜಾಸ್ತಿ. ಬಡ್ಡಿಗೆ ತಂದ ಹಣ ಹಾಕುವವನಿಗೆ ಗೆಲ್ಲುವ ಕಥೆಯ ಭರವಸೆ ಬೇಕು. ಹಿಂದಿಯಲ್ಲಿ ಗೆದ್ದ ಕಥೆ ಎಂದರೆ ಜಾಮೀನುದಾರ ಇರುವ ಸಾಲದಂತೆ. ಹಾಗೆ ಲೆಕ್ಕ ಹಾಕಿಯೇ ಆರಾಧನಾವನ್ನು ತಮಿಳಿಗೂ ತಂದರು, ತೆಲುಗಿಗೂ ತಂದರು. ತೆಲುಗಿನಲ್ಲಿ ಅದು 'ಕನ್ನವಾರಿ ಕಲಲು', ಶೋಭನ್ ಬಾಬು ನಾಯಕ. ಎರಡರಲ್ಲೂ ಶರ್ಮಿಳಾಳ ಪಾತ್ರ ವಾಣಿಶ್ರೀಯದೇ, ಎರಡೂ 1974ರವೇ. ತಮ್ಮ ಆರಂಭದ ದಿನಗಳಲ್ಲಿ ಕನ್ನಡ ಚಿತ್ರಗಳಲ್ಲೂ ನಟಿಸಿದ್ದ ಈ ನಟಿ ಎರಡು ಭಾಷೆಗಳಲ್ಲಿ ಒಂದೇ ತಾಯಿಯಾಗಿ ಒಂದೇ ಕಣ್ಣೀರು ಸುರಿಸಬೇಕಾಯಿತು.

ಈಗ ತಮಿಳು ಚಿತ್ರದ ಹೆಸರಿಗೆ ಬನ್ನಿ. ಆರಾಧನಾ ಎಂಬ ಹೆಸರು ಪೂಜಿಸುವ ಹೆಣ್ಣಿನದ್ದು, ಆಕೆಯ ಬಾಳಿಡೀ ನಡೆಸಿದ ವ್ರತದ್ದು. ತಮಿಳಿನಲ್ಲಿ ಅದು 'ಶಿವಕಾಮಿಯ ಮಗ' ಆಯಿತು. ಕಥೆಯ ಒಳಗೆ ಶಿವಕಾಮಿ ಎಂದರೆ ನಾಯಕಿ. ಆದರೆ 1974ರ ತಮಿಳು ಕಿವಿಗೆ ಆ ಹೆಸರು ಬೇರೆಯದನ್ನೂ ಹೇಳುತ್ತಿತ್ತು. ಕಲ್ಕಿಯವರ ಎರಡು ಜನಪ್ರಿಯ ಕಾದಂಬರಿಗಳಾದ 'ಶಿವಕಾಮಿಯಿನ್ ಶಪದಂ' ಮತ್ತು 'ಪೊನ್ನಿಯಿನ್ ಸೆಲ್ವನ್' ಎರಡನ್ನೂ ಅದು ಒಟ್ಟಿಗೆ ನೆನಪಿಸುತ್ತಿತ್ತು. ಅದಕ್ಕಿಂತ ಮುಖ್ಯವಾಗಿ ಕಾಮರಾಜರ ತಾಯಿಯ ಹೆಸರು ಶಿವಕಾಮಿ ಅಮ್ಮಾಳ್. ಶಿವಕಾಮಿಯ ಮಗ ಎಂದರೆ ಕಾಮರಾಜ್!

ಶಿವಾಜಿ ಗಣೇಶನ್ ಕಾಮರಾಜರ ಕಟ್ಟಾ ಅಭಿಮಾನಿ. 1969ರಲ್ಲಿ ಕಾಂಗ್ರೆಸ್ ಒಡೆದಾಗ ಕಾಮರಾಜರು ಇಂದಿರಾ ವಿರುದ್ಧದ ಹಳೆಯ ಕಾಂಗ್ರೆಸ್ಸಿನಲ್ಲಿ ಉಳಿದರು, ಶಿವಾಜಿ ಅವರ ಜೊತೆ ನಿಂತರು. ಇತ್ತ ಎಂ.ಜಿ.ಆರ್. 1972ರ ಅಕ್ಟೋಬರಿನಲ್ಲಿ ಕರುಣಾನಿಧಿಯವರಿಂದ ಬೇರೆಯಾಗಿ ತಮ್ಮದೇ ಪಕ್ಷ ಕಟ್ಟಿದ್ದರು. ಆಗ ತಮಿಳು ಚಿತ್ರದ ಹೆಸರು, ಹಾಡು, ನಾಯಕನ ಅಂಗಿಯ ಬಣ್ಣ ಎಲ್ಲದಕ್ಕೂ ರಾಜಕೀಯದ ಅರ್ಥ ಇರುತ್ತಿತ್ತು. ಶಿವಾಜಿ ಅಭಿಮಾನಿಗಳಿಗೆ ಪೋಸ್ಟರಿನ ಮೇಲಿನ ಹೆಸರೇ ಒಂದು ಘೋಷಣೆಯಂತೆ ಕಂಡಿದ್ದರೆ ಆಶ್ಚರ್ಯವಿಲ್ಲ.

ಹಿಂದೆ ನೆನಪಿನಲ್ಲಿಡಿ ಎಂದೆನಲ್ಲ, ಅದು ಇಲ್ಲಿ ಬೇಕು. ಹಿಂದಿ ವಿರೋಧದ ಅಲೆಯಲ್ಲಿ ಸ್ವಂತ ಊರಿನಲ್ಲಿ ಸೋತ ಕಾಮರಾಜರ ಗೌರವಕ್ಕೆ ಇಟ್ಟ ಹೆಸರು ಅಂಟಿಕೊಂಡದ್ದು ಹಿಂದಿಯಿಂದ ತಂದ ಕಥೆಗೆ. ಆ ಅಲೆಯಲ್ಲಿ ಅವರನ್ನು ಸೋಲಿಸಿದ ಜನವೇ ಅಷ್ಟು ಹೊತ್ತಿಗೆ ಆ ಕಥೆಯನ್ನು ಹಿಂದಿಯಲ್ಲೇ ನೋಡಿ, ಮೆಚ್ಚಿ, ಹಾಡುಗಳನ್ನು ಬಾಯಿಪಾಠ ಮಾಡಿಯಾಗಿತ್ತು. ಕಾಮರಾಜರು 1975ರ ಅಕ್ಟೋಬರ್ 2ರಂದು ತೀರಿಕೊಂಡರು. ಚಿತ್ರ ಬಂದು ಆಗ ಎರಡು ವರ್ಷವೂ ತುಂಬಿರಲಿಲ್ಲ.

ಹಾಗಾದರೆ ತಮಿಳು ಚಿತ್ರ ಮೂಲದ ಹತ್ತಿರಕ್ಕೂ ಯಾಕೆ ಬರಲಿಲ್ಲ? ಶಿವಾಜಿಯವರ ಅಭಿನಯದ ಬಗ್ಗೆ ಎರಡು ಮಾತಿಲ್ಲ, ವಾಣಿಶ್ರೀ ಕೂಡ ಕಡಿಮೆಯವರಲ್ಲ. ಎಂ.ಎಸ್. ವಿಶ್ವನಾಥನ್ ಬರ್ಮನ್ ದಾದಾನ ಧಾಟಿಗಳನ್ನು ನಕಲು ಮಾಡದೆ ಸ್ವಂತ ರಾಗ ಹಾಕಿದರು, ಅದು ಅವರ ಮರ್ಯಾದೆ. ಎಂ.ಜಿ.ಆರ್. ಚಿತ್ರಗಳ ನಾಯಕಿ ಎಂದೇ ಆಗ ಹೆಸರಾಗಿದ್ದ ಲತಾ ಕೂಡ ಚಿತ್ರದಲ್ಲಿದ್ದರು. ಒಂದು ಕಾರಣ ಎಲ್ಲರಿಗೂ ಕಾಣುವಂಥದ್ದು, ವಯಸ್ಸು. ಆರಾಧನಾ ಬಂದಾಗ ರಾಜೇಶ್ ಖನ್ನಾಗೆ 26 ವರ್ಷ. ಶಿವಕಾಮಿಯಿನ್ ಸೆಲ್ವನ್ ಬಂದಾಗ ಶಿವಾಜಿಗೆ 45. ತಂದೆಯ ಪಾತ್ರಕ್ಕೇ ಅದು ಹೆಚ್ಚು, ಇನ್ನು ಆತನ ಮಗನೂ ಅವರೇ ಆಗಬೇಕು.

ಆದರೆ ನನಗೆ ಕಾಣುವ ನಿಜವಾದ ಕಾರಣ ಬೇರೆ. ಶಿವಾಜಿಯವರು 1952ರಲ್ಲಿ 'ಪರಾಶಕ್ತಿ'ಯಿಂದ ಗೆದ್ದದ್ದೇ ಮಾತಿನ ಬಲದಿಂದ. ಕರುಣಾನಿಧಿ ಬರೆದ ಸಂಭಾಷಣೆಯನ್ನು ಅವರು ಕೋರ್ಟಿನ ಕಟಕಟೆಯಲ್ಲಿ ನಿಂತು ಹೇಳಿದ ಬಗೆಗೆ ತಮಿಳುನಾಡು ತಲೆದೂಗಿತು. ಅವರ ಚಿತ್ರದಲ್ಲಿ ಭಾಷೆ ಎಂದರೆ ಊಟದಲ್ಲಿ ಅನ್ನದಂತೆ, ಅದಿಲ್ಲದೆ ಎಲೆ ಖಾಲಿ. ಆರಾಧನಾ ಹಾಗಲ್ಲ. ಡಾರ್ಜಿಲಿಂಗಿನ ಪುಟ್ಟ ರೈಲು, ಅದರ ಪಕ್ಕದ ರಸ್ತೆಯಲ್ಲಿ ಜೀಪು, ಜೀಪಿನಲ್ಲಿ ನಿಂತು ಹಾಡುವ ಹುಡುಗ, ಕಿಟಕಿಯಲ್ಲಿ ಪುಸ್ತಕದ ಮರೆಯಿಂದ ಕದ್ದು ನೋಡುವ ಹುಡುಗಿ. ಶರ್ಮಿಳಾ ಆಗ ಸತ್ಯಜಿತ್ ರಾಯ್ ಅವರ ಚಿತ್ರಕ್ಕೆ ಡೇಟ್ಸ್ ಕೊಟ್ಟಿದ್ದರಿಂದ ಕಿಟಕಿಯ ಭಾಗವನ್ನು ಆಮೇಲೆ ಸ್ಟುಡಿಯೋದಲ್ಲಿ ಬೇರೆಯಾಗಿ ತೆಗೆದು ಜೋಡಿಸಿದ್ದು. ಆದರೂ ನೋಡುವವನಿಗೆ ಅನುಮಾನವೇ ಬರುವುದಿಲ್ಲ. ಮಳೆಯ ರಾತ್ರಿ, ಒದ್ದೆ ಬಟ್ಟೆ, ಬೆಂಕಿಯ ಮುಂದೆ ಇಬ್ಬರು, ಇಡೀ ಹಾಡು ಒಂದೇ ಶಾಟಿನಲ್ಲಿ. ಇದನ್ನು ಅರ್ಥ ಮಾಡಿಕೊಳ್ಳಲು ಯಾವ ವ್ಯಾಕರಣ ಬೇಕು ಹೇಳಿ? ಹಿಂದಿ ಬಾರದವನಿಗೆ ಆರಾಧನಾದಲ್ಲಿ ನಷ್ಟವಾದದ್ದು ತೀರಾ ಕಡಿಮೆ. ಹಾಗಾಗಿ ಅದನ್ನು ತಮಿಳಿಗೆ ತಂದಾಗ ಸಿಕ್ಕ ಲಾಭವೂ ಕಡಿಮೆ.

ಕಿವಿಯ ತಯಾರಿ ಮೊದಲೇ ಆಗಿತ್ತು. ಐವತ್ತರ ದಶಕದಲ್ಲಿ ಆಕಾಶವಾಣಿ ಸಿನಿಮಾ ಹಾಡುಗಳನ್ನು ದೂರ ಇಟ್ಟಾಗ ಜನ ರೇಡಿಯೋ ಸಿಲೋನ್ ಕಡೆ ಮುಳ್ಳು ತಿರುಗಿಸಿದರು. 1957ರಲ್ಲಿ ವಿವಿಧ ಭಾರತಿ ಶುರುವಾದ ಮೇಲೆ ಹಿಂದಿ ಹಾಡು ಮನೆಮನೆಗೆ ಬಂತು. ಆರಾಧನಾದ ಒಂದು ಹಾಡಿಗೆ ಕಿಶೋರ್ ಕುಮಾರ್ ಅವರಿಗೆ ಗಾಯಕರಾಗಿ ಮೊದಲ ಫಿಲಂಫೇರ್ ಪ್ರಶಸ್ತಿ, ಬರ್ಮನ್ ದಾದಾ ಸ್ವತಃ ಹಾಡಿದ ಹಾಡಿಗೆ ರಾಷ್ಟ್ರಪ್ರಶಸ್ತಿ. ಆ ದನಿಗಳು ಮೈಲಾಪುರದ ಮನೆಗಳಿಗೂ ಟ್ರಿಪ್ಲಿಕೇನಿನ ಟೀ ಅಂಗಡಿಗಳಿಗೂ ಯಾರ ಅಪ್ಪಣೆಯನ್ನೂ ಕೇಳದೆ ಬಂದವು.

ನನ್ನ ಶಾಖೆಯಲ್ಲಿ ಒಬ್ಬ ಹಿರಿಯ ಕ್ಯಾಷಿಯರ್ ಇದ್ದರು, ನಾನು ಬಂದ ಕೆಲವೇ ವರ್ಷಗಳಲ್ಲಿ ನಿವೃತ್ತರಾದರು. 1965ರಲ್ಲಿ ಕಾಲೇಜು ಹುಡುಗನಾಗಿ ಮೆರವಣಿಗೆಯಲ್ಲಿ ಲಾಠಿ ಏಟು ತಿಂದವರು. ಅದೇ ಮನುಷ್ಯ ಆರಾಧನಾದ ಹಾಡುಗಳನ್ನೆಲ್ಲ ನೋಟ್‌ಬುಕ್ಕಿನಲ್ಲಿ ತಮಿಳು ಲಿಪಿಯಲ್ಲಿ ಬರೆದು ಕಲಿತಿದ್ದರಂತೆ. ತಮಿಳಿನಲ್ಲಿ ಕ, ಗ ಎರಡಕ್ಕೂ ಒಂದೇ ಅಕ್ಷರ, ಪ, ಬ ಎರಡಕ್ಕೂ ಒಂದೇ ಅಕ್ಷರ. ಆ ಹಾಡುಗಳು ಅವರ ಬಾಯಲ್ಲಿ ಹೇಗೆ ಕೇಳುತ್ತಿದ್ದವು ಎಂದು ನೀವೇ ಊಹಿಸಿಕೊಳ್ಳಿ! "ಹಿಂದಿ ಬೇಡ ಅಂತ ಏಟು ತಿಂದವರು ಹಿಂದಿ ಸಿನಿಮಾ ಹೇಗೆ ನೋಡಿದಿರಿ ಸಾರ್?" ಎಂದು ಒಮ್ಮೆ ಕೇಳಿದೆ. ನೋಟು ಎಣಿಸುವುದನ್ನು ನಿಲ್ಲಿಸದೆಯೇ, "ಅದು ವೇರೆ, ಇದು ವೇರೆ ಸಾರ್" ಎಂದರು. ಅದು ಬೇರೆ, ಇದು ಬೇರೆ. ಕಂತೆಗೆ ರಬ್ಬರ್ ಬ್ಯಾಂಡ್ ಹಾಕಿದ ಮೇಲೆ ಸೇರಿಸಿದರು: "ಸಿನಿಮಾ ಟಿಕೆಟ್ಟು ನಾನು ದುಡ್ಡು ಕೊಟ್ಟು ತಗೊಂಡದ್ದು."

ಈ ಮಾತಿನಲ್ಲಿ ಎಲ್ಲವೂ ಇದೆ ಎಂದು ನನ್ನ ನಂಬಿಕೆ. ತಮಿಳರು ವಿರೋಧಿಸಿದ್ದು ಪರೀಕ್ಷೆಯಲ್ಲಿ, ನೌಕರಿಯಲ್ಲಿ, ಆಡಳಿತದಲ್ಲಿ ತಮ್ಮನ್ನು ಎರಡನೇ ಸಾಲಿಗೆ ತಳ್ಳುವ ಒಂದು ಆದೇಶವನ್ನು. ಹಿಂದಿಯ ದನಿಯನ್ನಲ್ಲ, ಹಾಡನ್ನಲ್ಲ, ಕಥೆಯನ್ನಲ್ಲ. ಇದಕ್ಕೆ ಇನ್ನೊಂದು ಸಾಕ್ಷಿ ಟಿ. ನಗರದಲ್ಲಿ ಇಂದಿಗೂ ನಿಂತಿದೆ. ಗಾಂಧೀಜಿ 1918ರಲ್ಲಿ ಮದ್ರಾಸಿನಲ್ಲಿ ಶುರು ಮಾಡಿದ ದಕ್ಷಿಣ ಭಾರತ ಹಿಂದಿ ಪ್ರಚಾರ ಸಭೆ ಅದು. ಗಾಂಧೀಜಿಯ ಮಗ ದೇವದಾಸರೇ ಮೊದಲ ಮೇಷ್ಟ್ರು. ಶಾಲೆಯಲ್ಲಿ ಹಿಂದಿ ಇಲ್ಲದ ಈ ರಾಜ್ಯದಲ್ಲಿ ಪ್ರಾಥಮಿಕ್, ಮಧ್ಯಮಾ, ರಾಷ್ಟ್ರಭಾಷಾ ಎಂದು ಮೆಟ್ಟಿಲು ಮೆಟ್ಟಿಲಾಗಿ ಅದರ ಪರೀಕ್ಷೆಗಳಿಗೆ ಮಕ್ಕಳು ಸಾಲುಗಟ್ಟಿ ಕೂರುತ್ತಾರೆ. ನಮ್ಮ ಬೀದಿಯಲ್ಲೇ ಸಂಜೆ ಹಿಂದಿ ಪಾಠ ಹೇಳುವ ಮನೆ ಇದೆ, ಹೊರಗೆ ಚಪ್ಪಲಿಗಳ ರಾಶಿ ಬಿದ್ದಿರುತ್ತದೆ. ಯಾರೂ ಕಡ್ಡಾಯ ಮಾಡಿದ್ದಲ್ಲ, ಫೀಸು ಕೊಟ್ಟು ಕಲಿಯುವುದು.

ಇನ್ನೂ ಒಂದು ಸಂಗತಿ, ಇದು ಬ್ಯಾಂಕಿನವರಿಗೂ ಕೇಂದ್ರ ಸರ್ಕಾರಿ ನೌಕರರಿಗೂ ಗೊತ್ತಿರುವಂಥದ್ದು. ಕಚೇರಿಗಳಲ್ಲಿ ಹಿಂದಿ ಬಳಕೆಯ ಬಗ್ಗೆ 1976ರಲ್ಲಿ ರಾಜಭಾಷಾ ನಿಯಮಗಳು ಬಂದವು. ಇವು ತಮಿಳುನಾಡನ್ನು ಬಿಟ್ಟು ಇಡೀ ಭಾರತಕ್ಕೆ ಅನ್ವಯ ಎಂದು ಅದರ ಆರಂಭದಲ್ಲೇ ಬರೆದಿದೆ. ನಮ್ಮ ಕರ್ನಾಟಕ 'ಗ' ಪ್ರದೇಶದಲ್ಲಿ ಬರುತ್ತದೆ, ನಿಯಮ ಅನ್ವಯಿಸುತ್ತದೆ. ತಮಿಳುನಾಡಿಗೆ ಇಲ್ಲವೇ ಇಲ್ಲ. 1965ರ ಬೆಂಕಿಯ ಶಾಖ ಹನ್ನೊಂದು ವರ್ಷದ ಮೇಲೂ ದೆಹಲಿಯ ಕಡತಕ್ಕೆ ತಟ್ಟಿತ್ತು ಎಂದಾಯಿತು. ಕಾಗದದ ಮೇಲೆ ಹಿಂದಿಯಿಂದ ಪೂರ್ತಿ ರಿಯಾಯಿತಿ ಪಡೆದ ರಾಜ್ಯ, ಥಿಯೇಟರಿನಲ್ಲಿ ಆರಾಧನಾವನ್ನು ತಾನಾಗಿಯೇ ಒಪ್ಪಿಕೊಂಡಿತ್ತು.

ರೀಮೇಕ್‌ಗಳ ಮೇಲೆ ತಮಿಳರಿಗೆ ಮುನಿಸು ಇತ್ತೆಂದೂ ಅಲ್ಲ. ಅದಕ್ಕೆ ಸಾಕ್ಷಿ 'ವಸಂತ ಮಾಳಿಗೈ'. ತೆಲುಗಿನ 'ಪ್ರೇಮನಗರ್' ಚಿತ್ರವನ್ನು ಅದೇ ನಿರ್ದೇಶಕ ಕೆ.ಎಸ್. ಪ್ರಕಾಶರಾವ್ 1972ರಲ್ಲಿ ತಮಿಳಿಗೆ ತಂದರು. ಅದೇ ಶಿವಾಜಿ, ಅದೇ ವಾಣಿಶ್ರೀ. ಅದು ಭರ್ಜರಿಯಾಗಿ ಓಡಿತು, ತಮಿಳರ ಪಾಲಿಗೆ ಇವತ್ತಿಗೂ ಅದು ತಮಿಳು ಚಿತ್ರವೇ. ಯಾಕೆಂದರೆ ತೆಲುಗಿನ ಮೂಲ ಇಲ್ಲಿ ಮೊದಲೇ ಬಂದು ಮನಸ್ಸಿನಲ್ಲಿ ಜಾಗ ಹಿಡಿದಿರಲಿಲ್ಲ. ಆಮೇಲೆ ಅದೇ ಪ್ರೇಮನಗರ್ 1974ರಲ್ಲಿ ಹಿಂದಿಗೆ ಹೋಯಿತು. ನಾಯಕ ಯಾರು ಬಲ್ಲಿರಾ? ರಾಜೇಶ್ ಖನ್ನಾ! ಅಂದರೆ ಇಲ್ಲಿ ಶಿವಾಜಿ ರಾಜೇಶ್ ಖನ್ನಾನ ಪಾತ್ರ ಹಾಕಿದ ವರ್ಷವೇ, ಅಲ್ಲಿ ರಾಜೇಶ್ ಖನ್ನಾ ಶಿವಾಜಿ ಹಾಕಿ ಗೆದ್ದಿದ್ದ ಪಾತ್ರ ಹಾಕಿದ.

ಬಿ.ಕಾಂ.ನಲ್ಲಿ ನಮಗೆ ಗುಡ್‌ವಿಲ್ ಎಂಬ ಪಾಠ ಇತ್ತು. ಅಂಗಡಿ ಕೊಳ್ಳುವವನು ಕಪಾಟು, ಸರಕು, ಬೋರ್ಡು ಎಲ್ಲವನ್ನೂ ಕೊಳ್ಳಬಹುದು. ಗಿರಾಕಿಯ ಪ್ರೀತಿಗೂ ಒಂದು ಬೆಲೆ ಕಟ್ಟಿ ಕೊಟ್ಟಿರಬಹುದು. ಆದರೆ ಹಳೆಯ ಸಾಹುಕಾರ ಅದೇ ಬೀದಿಯಲ್ಲಿ ಅಂಗಡಿ ಇಟ್ಟುಕೊಂಡೇ ಇದ್ದರೆ ಗಿರಾಕಿ ಅಲ್ಲಿಗೇ ಹೋಗುತ್ತಾನೆ. ಶಿವಕಾಮಿಯಿನ್ ಸೆಲ್ವನ್ ಪಾಡು ಅದೇ. ಭಾಷೆಯೊಂದೇ ಅಡ್ಡಿ, ಅದನ್ನು ತೆಗೆದರೆ ಜನ ನುಗ್ಗುತ್ತಾರೆ ಎಂಬ ಲೆಕ್ಕದಲ್ಲಿ ಮಾಡಿದ ವ್ಯಾಪಾರ ಅದು. ಆದರೆ ಅಡ್ಡಿಯೇ ಇರಲಿಲ್ಲ!

ಇದನ್ನೆಲ್ಲ ನಾನು ಬರೆಯುತ್ತಿರುವುದಕ್ಕೆ ಹಳೆಯ ಸಿನಿಮಾದ ಹುಚ್ಚು ಒಂದೇ ಕಾರಣವಲ್ಲ. ಮುಂಬೈ, ಪುಣೆ, ಹೈದರಾಬಾದ್, ದೆಹಲಿ, ಎಲ್ಲೇ ಇರಿ, ನಮ್ಮಂಥ ಹೊರನಾಡ ಕನ್ನಡಿಗರ ಮನೆಯಲ್ಲಿ ಒಂದು ದೂರು ಸಾಮಾನ್ಯ: ಮಕ್ಕಳು ಕನ್ನಡ ಮಾತಾಡುವುದಿಲ್ಲ, ಓದುವುದಂತೂ ದೂರ. ನಾವು ಮಾಡುವುದೇನು? ಮನೆಯಲ್ಲಿ ಕನ್ನಡವನ್ನೇ ಆಡಬೇಕು ಎಂದು ರೂಲ್ಸು ಹಾಕುತ್ತೇವೆ, ತಪ್ಪಿದರೆ ಗದರುತ್ತೇವೆ, ನೆಂಟರೆದುರು ನಿಲ್ಲಿಸಿ ವರ್ಣಮಾಲೆ ಒಪ್ಪಿಸುತ್ತೇವೆ. ನಮ್ಮದು ತಾಯ್ನುಡಿ, ಅದು ಸರ್ಕಾರದ ಆದೇಶದಂತಲ್ಲ, ನಿಜ. ಆದರೆ ಮಗುವಿನ ಕಿವಿಗೆ ಎರಡೂ ಒಂದೇ ದನಿಯಲ್ಲಿ ಕೇಳಿದರೆ ಅದು ಬಾಗಿಲು ಮುಚ್ಚಿಕೊಳ್ಳುತ್ತದೆ. ಬೆನ್ನಿಗೆ ಲಾಠಿ ಬಿದ್ದರೂ ಬಗ್ಗದ ಊರು ಒಂದು ಹಾಡಿಗೆ, ಒಂದು ನಗುವಿಗೆ ತಾನಾಗಿ ಬಗ್ಗಿತು. ಆ ಹಾಡು ಯಾರಿಂದಲೂ ಏನನ್ನೂ ಕಿತ್ತುಕೊಳ್ಳಲಿಲ್ಲ, ಇಷ್ಟವಿದ್ದವರು ಬನ್ನಿ ಎಂದಿತು, ಅಷ್ಟೇ.

ಹಾಗೆಂದು 1965ರಲ್ಲಿ ಬೀದಿಗಿಳಿದವರದು ಅನವಶ್ಯಕ ಹಟ ಎಂದು ಯಾರೂ ತಿಳಿಯಬಾರದು. ಆರಾಧನಾ ನೋಡಿದ್ದರಿಂದ ಅವರ ವಾದ ಸುಳ್ಳಾಗಲಿಲ್ಲ, ಬದಲಿಗೆ ಸ್ಪಷ್ಟವಾಯಿತು. ತಮ್ಮ ಭಾಷೆಯ ಜಾಗ ಭದ್ರವಾಗಿದೆ ಎಂದು ಖಾತ್ರಿಯಾದವರು ಮಾತ್ರ ಪಕ್ಕದ ಭಾಷೆಯ ಹಾಡನ್ನು ಭಯವಿಲ್ಲದೆ ಗುನುಗಬಲ್ಲರು. ಹಿಂದಿ ಬೇಡ ಎಂಬುದೂ ಆರಾಧನಾ ಬೇಕು ಎಂಬುದೂ ಒಂದೇ ಬಾಯಿಂದ ಬಂದ ಮಾತು, ಅದರಲ್ಲಿ ವಿರೋಧಾಭಾಸ ಏನೂ ಇಲ್ಲ.

ನಿಮ್ಮ ಊರಿನಲ್ಲೂ ಇಂಥ ಕಥೆ ಇದ್ದೇ ಇರುತ್ತದೆ. ಮನೆಯ ಹಿರಿಯರು ಭಾಷೆಯೇ ತಿಳಿಯದೆ ಹತ್ತಾರು ಬಾರಿ ನೋಡಿ ಬಂದ ಸಿನಿಮಾ ಯಾವುದು ಎಂದು ಒಮ್ಮೆ ಕೇಳಿ ನೋಡಿ. ಬರುವ ಭಾನುವಾರ ಬಿಡುವಿದ್ದರೆ ಎರಡೂ ಚಿತ್ರಗಳನ್ನು ಒಂದರ ಹಿಂದೆ ಒಂದರಂತೆ ನೋಡಿ. ಮೊದಲು ತಮಿಳಿನದನ್ನೇ ನೋಡಿ, ಶಿವಾಜಿಯವರಿಗೂ ಒಂದು ನ್ಯಾಯ ಸಿಗಲಿ. ಮಕ್ಕಳನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ, ಕಥೆಯನ್ನು ಕನ್ನಡದಲ್ಲಿ ಹೇಳುತ್ತಾ ಹೋಗಿ.